ತೂತಿಲ್ಲದ ಗುಂಡಿ

ನನ್ನ ಮಗಳ ಫ್ರಾಕಿನ ಗುಂಡಿ ಎರಡು ತಿಂಗಳಿಗೂ ಹೆಚ್ಚು ಕಾಲ, ಭಾನುವಾರವೊಂದನ್ನು ಬಿಟ್ಟು, ದಿನಾ ಸಂಜೆ ಸರಿಯಾಗಿ ಆರು ಗಂಟೆಗೆ ಕಿತ್ತು ಬರುತ್ತಿತ್ತು. ಹಾಗೆಂದು ಕೆಳಗಿನ ದರ್ಜಿ ಅಂಗಡಿಯ ಮಾಸ್ಟರು ನಂಬಿದ್ದರು. ತಮ್ಮ ಅಂಗಡಿಯಲ್ಲಿ ಹೊಲಿದ ಫ್ರಾಕು, ತಮ್ಮ ಅಂಗಡಿಯ ದಾರ. ಅದರ ಗುಂಡಿಯೇ ನಿಲ್ಲುತ್ತಿಲ್ಲವೆಂದರೆ ಮೂವತ್ತು ವರ್ಷದ ಕಸುಬಿನ ಮಾನ ಉಳಿಯಿತೇ? ಅವರು ಒಳಗೊಳಗೇ ಎಷ್ಟು ಬೆಂದಿದ್ದರು ಎಂಬುದು ನಮಗೆ ತಿಳಿದದ್ದು ತೀರ ಕೊನೆಗೆ. ಆದರೆ ಆ ಗುಂಡಿಯ ವಿಷಯ ಹೇಳಬೇಕಾದರೆ ಮೊದಲು ಕಾಜಕ್ಕನ ವಿಷಯ ಹೇಳಬೇಕು.

ನಾವು ಬಾಡಿಗೆಗಿರುವುದು ಆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ನಡುವೆ ಹದಿನಾಲ್ಕು ಮೆಟ್ಟಿಲು. ಒಂಬತ್ತನೆಯದರ ಅಂಚು ಒಡೆದಿದೆ. ಪುಟ್ಟಿ ನಡೆಯಲು ಕಲಿತ ದಿನವೇ ನಾನು ಅದನ್ನು ಪತ್ತೆ ಮಾಡಿದ್ದೆ. ಕೆಳಗೆ ಉದ್ದನೆಯ ಇಕ್ಕಟ್ಟು ಕೋಣೆ. ಬಾಗಿಲ ಬಳಿ ಬಟ್ಟೆ ಕತ್ತರಿಸುವ ಮೇಜು, ಅದರ ಹಿಂದೆ ಮಾಸ್ಟರ ಹೊಲಿಗೆ ಯಂತ್ರ, ಕೊನೆಯಲ್ಲಿ ಕಿಟಕಿಯ ಬೆಳಕು ಮಡಿಲಿಗೆ ಬೀಳುವಂತೆ ಹಾಕಿದ ಒಂದು ಗಿಡ್ಡ ಸ್ಟೂಲು. ಆ ಸ್ಟೂಲು ಕಾಜಕ್ಕನದು. ಕಾಜಾ ಅಂದರೆ ಅಂಗಿಯಲ್ಲಿ ಗುಂಡಿ ತೂರಿಸುವ ಸೀಳು. ಅದರ ಸುತ್ತ ಕೈಯಿಂದಲೇ ಒತ್ತೊತ್ತಾಗಿ ದಾರದ ಗಂಟು ಹಾಕುವುದು, ಎದುರಿಗೆ ಗುಂಡಿ ಹೊಲಿಯುವುದು ಅವಳ ಕೆಲಸ. ಯಂತ್ರದಲ್ಲಿ ಹಾಕಿದ ಕಾಜಾ ವರ್ಷದೊಳಗೆ ಎಳೆ ಬಿಡುತ್ತದೆ. ಕಾಜಕ್ಕನದು ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದ ಮೇಲೂ ಗಟ್ಟಿಯಾಗಿಯೇ ಇರುತ್ತದೆ. ಮಾಸ್ಟರು ಮೊದಲು ಅವಳನ್ನು ಗುಂಡಕ್ಕ ಎಂದು ಕರೆಯಲು ಹೊರಟಿದ್ದರಂತೆ. “ಗುಂಡಕ್ಕಾ ಅಂತ ಕೂಗಿ, ಎದ್ದು ಬಂದವಳು ಕಡ್ಡಿ ಥರ ಇದ್ರೆ ಗಿರಾಕಿಗಳು ಮೋಸ ಅಂತಾರೆ” ಎಂದು ಅವಳೇ ಹೆಸರು ಬದಲಾಯಿಸಿಕೊಂಡಳು.

ನಲವತ್ತೆರಡು ವರ್ಷ, ಒಂಟಿ, ಅಣ್ಣನ ಮನೆಯಲ್ಲಿ ವಾಸ. ಕೆಲಸ ಮಾಡುವಾಗ ಮೂರೋ ನಾಲ್ಕೋ ಗುಂಡಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿರುತ್ತಾಳೆ. ಹಾಗೇ ಮಾತೂ ಆಡುತ್ತಾಳೆ, ನಗುತ್ತಾಳೆ ಕೂಡ. ನನಗೆ ನೋಡಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು.

“ಗಂಟಲಲ್ಲಿ ಸಿಕ್ಕೊಂಡ್ರೆ ಏನ್ ಗತಿ ಕಾಜಕ್ಕ?”

“ಇಪ್ಪತ್ತು ವರ್ಷದಿಂದ ಒಂದೂ ಒಳಗೆ ಹೋಗಿಲ್ಲ ಕಣಮ್ಮ. ಹೋಗೋದಿದ್ರೂ ನೀನು ಇಷ್ಟು ದಿಟ್ಟಿಸಿ ನೋಡ್ತಿದ್ರೆ ನಾಚ್ಕೊಂಡು ವಾಪಸ್ ಬರುತ್ತೆ.”

ಪುಟ್ಟಿಗಾಗಿ ಅವಳು ಅಂಗೈಯಗಲದ ಹಳೆಯ ಕೋಟಿನ ಗುಂಡಿಗಳನ್ನು ದಪ್ಪ ಹುರಿಗೆ ಪೋಣಿಸಿ ಒಂದು ಸರ ಮಾಡಿದ್ದಳು. ಮಗುವಿನ ಬಾಯಿಗೆ ಹಿಡಿಯದಷ್ಟು ದೊಡ್ಡವು. ನಾನು ಅಳೆದು ನೋಡಿಯೇ ಒಪ್ಪಿದ್ದು. ಮಧ್ಯಾಹ್ನ ಒಂದು ಗಂಟೆ ಕಾಲ ಪುಟ್ಟಿ ಕೆಳಗೆ ಆ ಸರ ಎಳೆದಾಡಿಕೊಂಡು ಕಾಜಕ್ಕನ ಕಾಲ ಬಳಿ ಕೂರುತ್ತಿದ್ದಳು. ಆ ಒಂದು ಗಂಟೆಯಲ್ಲಿ ನಾನು ತಲೆಗೆ ನೀರು ಹಾಕಿಕೊಂಡು, ಬಟ್ಟೆ ಒಗೆದು, ನಡುನಡುವೆ ಮೂರು ಸಲ ಮೆಟ್ಟಿಲ ತುದಿಗೆ ಬಂದು ಇಣುಕುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಪುಟ್ಟಿ ಮುಷ್ಟಿ ಬಿಗಿಹಿಡಿದುಕೊಂಡು ಮೇಲೆ ಬಂದಳು. ಬಿಡಿಸಿ ನೋಡಿದರೆ ಬಿಳಿಯ ಗುಂಡಿ. ಜೊಲ್ಲಿನಿಂದ ಒದ್ದೆಯಾಗಿತ್ತು. ತಿರುಗಿಸಿದೆ. ತೂತೇ ಇರಲಿಲ್ಲ. ಒಂದು ಬದಿಯಲ್ಲಿ ಸಣ್ಣ ಅಕ್ಷರ, ಒಂದು ಅಂಕಿ. ತೂತಿಲ್ಲದ ಗುಂಡಿಯನ್ನು ಯಾರು ಹೊಲಿಯುತ್ತಾರೆ? ಅದು ಮಾತ್ರೆ ಎಂದು ಹೊಳೆಯುವಷ್ಟರಲ್ಲಿ ನಾನು ಮಗುವನ್ನು ಸೊಂಟಕ್ಕೇರಿಸಿಕೊಂಡು ಬೀದಿಯಲ್ಲಿದ್ದೆ. ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಗಂಡನದು.

ಎರಡು ಬೀದಿಯಾಚೆ ನಮ್ಮ ಮಕ್ಕಳ ವೈದ್ಯರ ಕೋಣೆ. ಅವರಿಗೆ ನನ್ನ ಪರಿಚಯ ಚೆನ್ನಾಗಿದೆ. ತಿಂಗಳಿಗೆ ನಾಲ್ಕು ಸಲ ಹೋಗುತ್ತೇನೆ. ಪುಟ್ಟಿಯ ನಾಲಿಗೆ, ಗಂಟಲು ನೋಡಿದರು. ಮಾತ್ರೆಯನ್ನು ದೀಪದ ಕೆಳಗೆ ಹಿಡಿದರು.

“ಪೂರ್ತಿ ಇದೆ. ಮೇಲಿನ ಪದರ ಸ್ವಲ್ಪ ನೆಂದಿದೆ, ಅಷ್ಟೇ. ನುಂಗಿಲ್ಲ.”

“ಯಾವ ಮಾತ್ರೆ ಡಾಕ್ಟ್ರೇ? ಹೇಳಿ. ಹೇಳದಿದ್ರೆ ನಾನು ಇಲ್ಲಿಂದ ಏಳಲ್ಲ.”

ಅವರು ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟು ಹೇಳಿದರು. “ಎಚ್‌ಐವಿ ಇರೋರು ದಿನಾ ತಗೊಳ್ಳೋ ಮಾತ್ರೆ. ಯಾರದ್ದು ಅಂತ ನಾನು ಕೇಳಲ್ಲ, ನೀವೂ ಹೇಳ್ಬೇಡಿ. ಮಗೂಗೆ ಏನೂ ಆಗಲ್ಲ. ಇದನ್ನ ಕಳ್ಕೊಂಡವರಿಗೆ ಒಂದು ದಿನದ್ದು ಕಡಿಮೆ ಆಯ್ತು, ನನ್ನ ಯೋಚನೆ ಅದು.”

ಪುಟ್ಟಿ ಕೂತಿದ್ದದ್ದು ಕಾಜಕ್ಕನ ಕಾಲ ಬಳಿ, ಹಾಗಾಗಿ ಮಾತ್ರೆ ಯಾರದ್ದೆಂದು ನನಗೆ ತಿಳಿಯಿತು. ನಾನು ಓದಿದವಳು. ಹತ್ತನೇ ತರಗತಿಯಲ್ಲಿ ‘ಎಚ್‌ಐವಿ ಹೇಗೆ ಹರಡುವುದಿಲ್ಲ’ ಎಂಬ ಪ್ರಶ್ನೆಗೆ ಐದಕ್ಕೆ ಐದು ಅಂಕ ತೆಗೆದಿದ್ದೆ. ಮುಟ್ಟುವುದರಿಂದ ಇಲ್ಲ, ಒಟ್ಟಿಗೆ ಊಟ ಮಾಡುವುದರಿಂದ ಇಲ್ಲ, ಕೆಮ್ಮಿನಿಂದ ಇಲ್ಲ. ಆದರೆ ಕಾಜಕ್ಕ ದಿನಾ ಮುತ್ತಿಡುವ ಕೆನ್ನೆ ನನ್ನ ಮಗಳದಾಗಿದ್ದರಿಂದ ಆ ಐದು ಅಂಕಗಳು ಆ ದಿನ ಕೈಗೆ ಬರಲಿಲ್ಲ. ಪುಟ್ಟಿಯ ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದೆ. ಗುಂಡಿ ಸರವನ್ನೂ ತೊಳೆದೆ. ತೊಳೆಯುತ್ತಾ ನನಗೇ ನಾಚಿಕೆಯಾಯಿತು, ಆದರೂ ತೊಳೆದೆ. ಮೂರು ದಿನ ಮಗುವನ್ನು ಕೆಳಗೆ ಬಿಡಲಿಲ್ಲ. ನೆಗಡಿ ಎಂದು ಮೆಟ್ಟಿಲಿನಿಂದಲೇ ಕೂಗಿ ಹೇಳಿದೆ. ಪುಟ್ಟಿ ಬಾಗಿಲಿಗೆ ಅಂಟಿಕೊಂಡು “ಕಾದಕ್ಕಾ” ಎಂದು ಅಳುತ್ತಿದ್ದಳು. ನೆಗಡಿಯಾದ ಮಗುವಿನ ದನಿ ಅಷ್ಟು ಖಣಿಖಣಿ ಇರುವುದಿಲ್ಲ.

ನಾಲ್ಕನೆಯ ದಿನ ಕಾಜಕ್ಕ ಮೇಲೆ ಬಂದಳು. ಹೊಸ್ತಿಲಿನಾಚೆಯೇ ನಿಂತಳು. ಅವತ್ತು ತುಟಿಗಳ ನಡುವೆ ಒಂದೂ ಗುಂಡಿ ಇರಲಿಲ್ಲ.

“ಸಿಕ್ತು ಅಲ್ವಾ?” ಅಂದಳು.

ನಾನು ತಲೆಯಾಡಿಸಿದೆ.

“ಎಣಿಸಿದೆ. ಒಂದು ಕಡಿಮೆ ಇತ್ತು. ಮಗು ಬಾಯಿಗೆ ಹಾಕ್ಕೊಂಡಿತ್ತಾ?”

“ನುಂಗಿಲ್ಲ. ಡಾಕ್ಟ್ರಿಗೆ ತೋರಿಸ್ದೆ. ಏನೂ ಆಗಿಲ್ಲ.”

ಅಷ್ಟು ಕೇಳಿದ್ದೇ ಅವಳು ಮೆಟ್ಟಿಲಿನ ಮೇಲೆ ಕೂತುಬಿಟ್ಟಳು. ಮೂರು ದಿನದಿಂದ ಅವಳು ಊಟ ಬಿಟ್ಟಿದ್ದು ಮಗುವಿನ ಯೋಚನೆಯಲ್ಲಿ. ನಾನು ಕೈ ತೊಳೆಯುತ್ತಾ ಕೂತಿದ್ದೆ. ಈಗ ಒಳಗೆ ಕರೆಯಬೇಕೋ ಬೇಡವೋ ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಪುಟ್ಟಿ ನನ್ನ ಕಾಲಿನ ಸಂದಿಯಿಂದ ನುಸುಳಿ ಅವಳ ಮಡಿಲೇರಿದಳು. ಕಾಜಕ್ಕ ಮಗುವನ್ನು ಮುಟ್ಟದೆ ಎರಡೂ ಕೈ ಮೇಲೆತ್ತಿ ನನ್ನ ಮುಖ ನೋಡಿದಳು. ಆ ಎತ್ತಿದ ಕೈಗಳನ್ನು ನನಗೆ ಮರೆಯಲಾಗುವುದಿಲ್ಲ.

“ಎತ್ಕೋ ಕಾಜಕ್ಕ, ಒಳಗೆ ಬಾ” ಅಂದೆ.

ಅವತ್ತು ಅವಳು ಎಲ್ಲವನ್ನೂ ಹೇಳಿದಳು. ಗಂಡ ಗೋಡೆಗೆ ಬಣ್ಣ ಬಳಿಯುವವನು. ಎಂಟು ವರ್ಷದ ಹಿಂದೆ ಬಿಡದ ಜ್ವರ ಎಂದು ಆಸ್ಪತ್ರೆಗೆ ಸೇರಿಸಿದಾಗ ಇಬ್ಬರ ರಕ್ತವನ್ನೂ ನೋಡಿದರು. ಅವನು ತಿಂಗಳೊಳಗೆ ತೀರಿಹೋದ. ಇವಳು ಮಾತ್ರೆ ಶುರು ಮಾಡಿದಳು, ಮೈ ಚೇತರಿಸಿಕೊಂಡಿತು. ಆಗ ಅವಳಿದ್ದದ್ದು ಬಟ್ಟೆ ಕಾರ್ಖಾನೆಯೊಂದರಲ್ಲಿ, ತೊಂಬತ್ತು ಹೆಂಗಸರ ಸಾಲಿನಲ್ಲಿ. ಅವರಲ್ಲೊಬ್ಬಳು ಇವಳನ್ನು ಆಸ್ಪತ್ರೆಯಲ್ಲಿ ಒಂದು ಕೋಣೆಯ ಮುಂದೆ ನೋಡಿದಳು. ಯಾವ ಕೋಣೆ ಯಾವುದಕ್ಕೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ವಾರದೊಳಗೆ ಇವಳ ನೀರಿನ ಲೋಟ ಬೇರೆಯಾಯಿತು. ಆಮೇಲೆ ಕೂರುವ ಜಾಗ. ಕೊನೆಗೆ ಮೇಲ್ವಿಚಾರಕ ಕರೆದು, “ಸೂಜಿ ಕೆಲಸ ನೋಡು, ರಕ್ತ ಗಿಕ್ತ ಬಂದ್ರೆ ಕಷ್ಟ” ಅಂದ. ಸೂಜಿ ಚುಚ್ಚಿ ಬಟ್ಟೆಗೆ ತಾಗಿದ ಹನಿಯಿಂದ ಯಾರಿಗೂ ಏನೂ ಬರುವುದಿಲ್ಲ ಎಂದು ಆಸ್ಪತ್ರೆಯವರು ಅವಳಿಗೆ ಹೇಳಿದ್ದರು. ಅದನ್ನು ಅವನಿಗೆ ಹೇಳುವವರು ಇರಲಿಲ್ಲ.

ಆ ಕೆಲಸ ಬಿಟ್ಟು ಈ ಅಂಗಡಿಗೆ ಸೇರಿದ ಮೇಲೆ ಅವಳು ಮಾತ್ರೆ ತರಲು ಎರಡು ಬಸ್ಸು ಬದಲಾಯಿಸಿ ದೂರದ ಇನ್ನೊಂದು ಆಸ್ಪತ್ರೆಗೆ ಹೋಗುತ್ತಾಳೆ. ತಿಂಗಳಿಗೊಂದು ದಿನ ರಜೆ, ಕಾರಣ ಹಲ್ಲುನೋವು. ಮಾಸ್ಟರಿಗೆ ಅವಳ ಹಲ್ಲಿನ ಬಗ್ಗೆ ದೊಡ್ಡ ಮರುಕ. “ಅಲ್ಲ ಕಣೇ, ತಿಂಗಳಿಗೊಂದು ಕೀಳಿಸಿದ್ರೂ ಇಷ್ಟೊತ್ತಿಗೆ ಮುಗಿದಿರ್ಬೇಕಿತ್ತಲ್ಲ, ಇನ್ನೂ ಎಷ್ಟಿದಾವೆ ಬಾಯಲ್ಲಿ?” ಎಂದು ಕೇಳುತ್ತಿರುತ್ತಾರಂತೆ.

ಮನೆಯಲ್ಲಿ ಅಣ್ಣನಿಗೆ ಗೊತ್ತು, ಅತ್ತಿಗೆಗೆ ಗೊತ್ತಿಲ್ಲ. ಅತ್ತಿಗೆ ಕೆಟ್ಟವಳಲ್ಲ, ಆದರೆ ಅಚ್ಚುಕಟ್ಟಿನ ಹುಚ್ಚು. ಮನೆಗೆ ಇರುವುದೊಂದೇ ಕಪಾಟು. ಪ್ರತಿ ಡಬ್ಬಿ ತೆಗೆಯುತ್ತಾಳೆ, ಒರೆಸುತ್ತಾಳೆ, ಒಳಗೇನಿದೆ ಎಂದು ಕೇಳುತ್ತಾಳೆ. ಮೂವತ್ತು ಮಾತ್ರೆ ಇರುವ ಬಾಟಲಿ ಅಲುಗಾಡಿದರೆ ಗಲಗಲ ಎನ್ನುತ್ತದೆ. ಹಾಗಾಗಿ ಕಾಜಕ್ಕ ಬಾಟಲಿಯನ್ನು ಆಸ್ಪತ್ರೆಯ ಗೇಟಿನಲ್ಲೇ ಬಿಸಾಕಿ, ಮಾತ್ರೆಗಳನ್ನು ಪೊಟ್ಟಣ ಕಟ್ಟಿ ತಂದು ಅಂಗಡಿಯ ಗುಂಡಿ ಡಬ್ಬಿಯ ತಳದಲ್ಲಿಡುತ್ತಿದ್ದಳು.

“ಎರಡು ಸಾವಿರ ಗುಂಡಿ ಮಧ್ಯೆ ಮೂವತ್ತು ತೂತಿಲ್ಲದ ಗುಂಡಿ ಯಾರು ಹುಡುಕ್ತಾರೆ ಹೇಳು? ಪೊಟ್ಟಣ ಬಿಚ್ಚಿಹೋಯ್ತು, ಒಂದು ಕೆಳಗೆ ಬಿದ್ದಿರ್ಬೇಕು. ನಿನ್ನ ಮಗಳು ಹುಡುಕಿದ್ಲು.”

ಅವಳ ಹೊತ್ತು ಸಂಜೆ ಆರು. ಅಂಗಡಿಗೆ ಸೇರಿದಾಗಿನಿಂದ ಅದಕ್ಕೆ ಅಡ್ಡಿಯಿರಲಿಲ್ಲ, ಯಾಕೆಂದರೆ ಆರಕ್ಕೆ ಮಾಸ್ಟರು ಬೀದಿ ಕೊನೆಯ ಅಂಗಡಿಗೆ ಚಹಾ ಕುಡಿಯಲು ಹೋಗುತ್ತಿದ್ದರು. ಅರ್ಧ ಗಂಟೆ ಅವಳೊಬ್ಬಳೇ. ಡಬ್ಬಿಗೆ ಕೈ ಹಾಕಿ, ತಳದ ಪೊಟ್ಟಣದಿಂದ ತೂತಿಲ್ಲದ್ದೊಂದನ್ನು ನೋಡದೆಯೇ ಹೆಕ್ಕಿ, ಒಂದು ಲೋಟ ನೀರು. ಹೋದ ವರ್ಷ ಮಾಸ್ಟರ ಮಗಳು ಅಪ್ಪನ ಹುಟ್ಟಿದ ದಿನಕ್ಕೆ ಒಂದು ಕರೆಂಟಿನ ಕೆಟಲ್ ಕೊಟ್ಟಳು. ಮಾಸ್ಟರು ಕುಣಿದಾಡಿಬಿಟ್ಟರು. ಅವತ್ತಿನಿಂದ ಚಹಾ ದರ್ಜಿ ಅಂಗಡಿಯೊಳಗೇ; ಹೊರಗೆ ಹೋಗುವುದು ನಿಂತಿತು.

“ಯಾರ್ಯಾರ ಬಾಳನ್ನೋ ಯಾವ್ಯಾವ್ದೋ ಹಾಳು ಮಾಡುತ್ತೆ” ಅಂದಳು ಕಾಜಕ್ಕ. “ನಂದನ್ನ ಒಂದು ಕೆಟಲ್.”

ಬೆಳಿಗ್ಗೆ ತೆಗೆದುಕೊಳ್ಳೋಣವೆಂದರೆ ಮನೆಯಲ್ಲಿ ಅತ್ತಿಗೆ. ಹಿಂದಿನ ಶೌಚಾಲಯದಲ್ಲಿ ನೀರಿಲ್ಲದೆ ನುಂಗಲು ಹೋಗಿ ಒಂದು ಸಲ ವಾಂತಿಯಾಯಿತು. ಆಮೇಲೆ ಅವಳಿಗೆ ಒಂದು ಉಪಾಯ ಹೊಳೆಯಿತು: ಗುಂಡಿಗಳ ಜೊತೆಗೇ ಮಾತ್ರೆಯನ್ನೂ ತುಟಿಯಲ್ಲಿ ಕಚ್ಚಿಕೊಂಡು, ಮಾಸ್ಟರ ಎದುರೇ ಚಹಾದ ಗುಟುಕಿನ ಜೊತೆ ಒಳಗೆ ಬಿಟ್ಟುಬಿಡುವುದು. ಐದು ದಿನ ನಡೆಯಿತು. ಆರನೆಯ ದಿನ ಮಾಸ್ಟರು ಯಂತ್ರ ನಿಲ್ಲಿಸಿದರು.

“ನೀನು ನಾಲ್ಕು ಕಚ್ಕೊಂಡಿದ್ದೆ. ಮೂರು ಹೊಲಿದೆ. ಇನ್ನೊಂದೆಲ್ಲಿ?”

“ಬಿತ್ತೇನೋ ಮಾಸ್ಟ್ರೇ.”

“ಬಿದ್ದ ಸದ್ದು ಬರ್ಲಿಲ್ಲ. ನುಂಗಿದ್ಯಾ? ನುಂಗಿದ್ಯಾ ಇವಳೇ? ನಡಿ ಆಸ್ಪತ್ರೆಗೆ, ಹೊಟ್ಟೆ ಫೋಟೋ ತೆಗೆಸೋಣ!”

ನೆಲದ ಮೇಲಿಂದ ಒಂದು ಗುಂಡಿ ಹೆಕ್ಕಿ ತೋರಿಸಿ ಅವಳು ಬಚಾವಾದಳು. ಅಲ್ಲಿಗೆ ಆ ಉಪಾಯವೂ ಮುಗಿಯಿತು. ಮೊದಲು ವಾರಕ್ಕೊಂದು ತಪ್ಪಿತು. ನಾಳೆ ತೆಗೆದುಕೊಂಡರಾಯಿತು ಎಂದುಕೊಳ್ಳುತ್ತಿದ್ದಳು. ಆಮೇಲೆ ವಾರಕ್ಕೆ ಮೂರು. ಎಂಟು ವರ್ಷ ಪರೀಕ್ಷೆಯಲ್ಲಿ ಮಲಗಿಯೇ ಇದ್ದ ವೈರಸ್ಸು ಈ ಸಲ ತಲೆಯೆತ್ತಿತ್ತು. ಆಸ್ಪತ್ರೆಯ ಸಲಹೆಗಾರ್ತಿ ಸ್ಪಷ್ಟವಾಗಿ ಹೇಳಿದ್ದಳು: ಮೂರು ತಿಂಗಳು ಒಂದೂ ತಪ್ಪದೆ ತೆಗೆದುಕೊಂಡು ಬಾ, ಮತ್ತೆ ರಕ್ತ ನೋಡೋಣ. ಇಳಿದಿಲ್ಲದಿದ್ದರೆ ಔಷಧಿಯನ್ನೇ ಬದಲಾಯಿಸಬೇಕು. ಅದು ದಿನಕ್ಕೆ ಎರಡು ಹೊತ್ತು, ಮಾತ್ರೆಗಳೂ ಹೆಚ್ಚು.

“ಒಂದನ್ನೇ ಬಚ್ಚಿಡೋಕಾಗ್ತಿಲ್ಲ, ಎರಡು ಹೊತ್ತಿಂದು ಎಲ್ಲಿ ಬಚ್ಚಿಡ್ಲಿ?” ಅಂದಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

ನಾನು ಕೇಳಬಾರದ್ದನ್ನು ಕೇಳಿದೆ. “ಮುತ್ತು ಕೊಟ್ರೆ… ಮಗೂಗೆ…”

“ಬರಲ್ಲ ಕಣಮ್ಮ. ಎಂಟು ವರ್ಷದ ಹಿಂದೆ ನಾನು ಡಾಕ್ಟ್ರಿಗೆ ಮೊದಲು ಕೇಳಿದ್ದೂ ಇದೇ. ಆಗ ಅಣ್ಣನ ಮಗ ಸಣ್ಣವನಿದ್ದ.” ಅವಳಿಗೆ ಕೋಪ ಬಂದಂತಿರಲಿಲ್ಲ. “ನೀನೂ ಹೋಗಿ ಕೇಳ್ಕೊಂಡು ಬಾ. ಬೇರೆಯವ್ರ ಬಾಯಿಂದ ಕೇಳಿದ್ರೆ ನಿದ್ದೆ ಬರುತ್ತೆ.”

ಹೋದೆ. ಐದು ಅಂಕದ ಉತ್ತರವನ್ನೇ ವೈದ್ಯರು ಮತ್ತೆ ಹೇಳಿದರು. ಮಾರನೆಯ ಸಂಜೆ ಆರಕ್ಕೆ ಹತ್ತು ನಿಮಿಷವಿರುವಾಗ ನಾನು ಪುಟ್ಟಿಯ ಬೆನ್ನಿನ ಗುಂಡಿಯೊಂದನ್ನು ಕತ್ತರಿಯಿಂದ ಕತ್ತರಿಸಿ, ಮೆಟ್ಟಿಲ ತುದಿಯಿಂದ ಕೂಗಿದೆ.

“ಕಾಜಕ್ಕಾ! ಪುಟ್ಟಿ ಗುಂಡಿ ಕಿತ್ಕೊಂಡ್ಲು. ಫ್ರಾಕ್ ಬಿಚ್ಚೋಕೆ ಬಿಡ್ತಿಲ್ಲ, ಮೇಲೇ ಬಂದು ಹಾಕ್ಕೊಡ್ತೀಯಾ?”

ಅವಳು ಸೂಜಿದಾರ ಹಿಡಿದು ಮೇಲೆ ಬಂದಾಗ ಒಲೆಯ ಪಕ್ಕ ನೀರಿನ ಲೋಟ ಇಟ್ಟಿದ್ದೆ. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಸೆರಗಿನ ತುದಿಯಿಂದ ಮಾತ್ರೆ ತೆಗೆದಳು, ನುಂಗಿದಳು, ಇಡೀ ಲೋಟ ನೀರು ಕುಡಿದಳು. ಆಮೇಲೆ ಪುಟ್ಟಿಯ ಗುಂಡಿ ಹೊಲಿದಳು. ಮಾರನೆಯ ದಿನ ನಾನು ಇನ್ನೊಂದನ್ನು ಕತ್ತರಿಸಿದೆ.

ಮುಂದಿನ ಸಲ ಆಸ್ಪತ್ರೆಯಿಂದ ಅವಳು ಬಾಟಲಿ ಬಿಸಾಕದೆ ನಮ್ಮ ಮನೆಗೇ ತಂದಿಟ್ಟಳು. ನನ್ನ ಗಂಡನಿಗೆ ಹೇಳಲೇ ಎಂದು ಅವಳನ್ನು ಕೇಳಿದೆ. “ಅವರ ಮನೆ ಕಪಾಟು ತಾನೇ, ಹೇಳು” ಅಂದಳು. ಅವರು ಕೇಳಿಸಿಕೊಂಡು, “ಹೌದಾ” ಅಂದು, ಎದ್ದು ಹೋಗಿ ಬಾಟಲಿಯನ್ನು ಒಲೆಯ ಮೇಲಿನ ಹಲಗೆಯಿಂದ ತೆಗೆದು ಕಿಟಕಿಯಿಂದ ದೂರದ ಎತ್ತರದ ಹಲಗೆಗೆ ಸರಿಸಿದರು. “ಬಿಸಿ ತಾಗಬಾರ್ದು ಅಂತ ಬರೆದಿದೆ ನೋಡು.” ನಾನು ಮೂರು ರಾತ್ರಿ ಹೇಗೆ ಹೇಳಲಿ ಎಂದು ಹೊರಳಾಡಿದ್ದು ಇದಕ್ಕಾ ಎನ್ನಿಸಿತು.

ನನ್ನ ಫೋನಿನಲ್ಲಿ ಐದೂ ಐವತ್ತಕ್ಕೆ, ಐದೂ ಐವತ್ತೈದಕ್ಕೆ, ಆರಕ್ಕೆ ಮೂರು ಅಲಾರಾಂ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಚುಕ್ಕೆ. ಪುಟ್ಟಿಗೆ ಜ್ವರ ಬಂದೀತೇ, ಅನ್ನ ಗಂಟಲಿಗೆ ಸಿಕ್ಕೀತೇ ಎಂದು ದಿನವಿಡೀ ಚಡಪಡಿಸುವ ನನ್ನ ಸ್ವಭಾವಕ್ಕೆ ಬೈದವರೇ ಹೆಚ್ಚು. ಕಾಜಕ್ಕ ಮಾತ್ರ, “ಇವಳೊಬ್ಬಳಿದ್ರೆ ಆಸ್ಪತ್ರೆಗೆ ಗಡಿಯಾರ ಬೇಡ” ಅಂದಳು. ಭಾನುವಾರ ಅಂಗಡಿಗೆ ರಜೆ. ಅವತ್ತಿಗೆಂದು ಶನಿವಾರವೇ ಒಂದು ಮಾತ್ರೆಯನ್ನು ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡು ಹೋಗುವುದು ಅವಳ ಹಳೆಯ ರೂಢಿ. ಆರು ಹೊಡೆದಾಗ ಅಣ್ಣ ತನ್ನ ಕನ್ನಡಕ ಕಾಣುತ್ತಿಲ್ಲವೆಂದು ಗಲಾಟೆ ಎಬ್ಬಿಸುವನು. ಅತ್ತಿಗೆ ಬೈಯುತ್ತಾ ಮುಂದಿನ ಕೋಣೆಯಲ್ಲಿ ಹುಡುಕುವಳು. ಅಡುಗೆಮನೆಯಲ್ಲಿ ಇವಳಿಗೆ ಎರಡು ನಿಮಿಷ. ಪ್ರತಿ ಭಾನುವಾರ ಆರಕ್ಕೆ ಅಣ್ಣನ ಕನ್ನಡಕ ಕಳೆದುಹೋಗುತ್ತಿತ್ತು.

ಪುಟ್ಟಿ ನಮಗಿಂತ ಜಾಣೆ. ಮೊದಲ ಅಲಾರಾಂ ಕೇಳಿದ್ದೇ ಬೆನ್ನು ತಿರುಗಿಸಿ ನಿಂತು, “ಗುಂದಿ, ಗುಂದಿ” ಎನ್ನಲು ಕಲಿತಳು.

ಎಲ್ಲ ಸರಿಯಿದೆ ಎಂದು ನಾನು ಅಂದುಕೊಂಡಿದ್ದಾಗ, ಪರೀಕ್ಷೆಗೆ ಇನ್ನೂ ಹದಿನೆಂಟು ದಿನ ಇರುವಾಗ, ಮಾಸ್ಟರು ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಗಂಟು. ಹಿಂದಿನ ದಿನ ಅವರೇ, ಅಳತೆ ನೋಡಬೇಕು ಎಂದು ಪುಟ್ಟಿಯ ಒಂಬತ್ತು ಫ್ರಾಕುಗಳನ್ನೂ ತರಿಸಿಕೊಂಡಿದ್ದರು. ಅಳತೆಗೆ ಒಂಬತ್ತೂ ಯಾಕೆ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು. ಇದ್ದಬದ್ದದ್ದಕ್ಕೆಲ್ಲ ಅನುಮಾನಪಡುವವಳಿಗೆ ಬೇಕಾದಾಗ ಬರಲಿಲ್ಲ.

“ತಗೊಳ್ಳಿ ಅಮ್ಮ. ಎಲ್ಲಾದಕ್ಕೂ ಟಿಚ್ ಗುಂಡಿ ಬಡಿದಿದೀನಿ. ಕಬ್ಬಿಣದ್ದು, ಒತ್ತಿದ್ರೆ ಕೂರೋದು. ಆನೆ ಎಳೆದ್ರೂ ಬರಲ್ಲ. ಇನ್ಮೇಲೆ ಆರು ಗಂಟೆಗೆ ಯಾರೂ ಮೆಟ್ಟಿಲು ಹತ್ತೋದು ಬೇಡ.” ಮುಖ ಬಿಗಿದುಕೊಂಡಿತ್ತು. “ನಮ್ಮ ಅಂಗಡಿ ಹೆಸರು ಹಾಳಾಗ್ಬಾರ್ದು.”

ಆ ಸಂಜೆ ಮೂರು ಅಲಾರಾಮೂ ಹೊಡೆದವು. ಪುಟ್ಟಿ ಬೆನ್ನು ತಿರುಗಿಸಿ ನಿಂತಳು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಿಲ್ಲ. ಆರೂ ಐದು. ಆರೂ ಹತ್ತು. ಒಂದು ಗಂಟೆ ತಡವಾದರೆ ಏನೂ ಆಗುವುದಿಲ್ಲ ಎಂದು ಗೊತ್ತು. ಆದರೆ ಇವತ್ತು ಅವಳು ಮನೆಗೆ ಹೋದರೆ ನಾಳೆಯೂ ಹೀಗೆಯೇ, ನಾಡಿದ್ದೂ ಹೀಗೆಯೇ ಎಂದೂ ಗೊತ್ತಿತ್ತು. ಟಿಚ್ ಗುಂಡಿ ಎಳೆದು ನೋಡಿದೆ. ನಿಜಕ್ಕೂ ಬರಲಿಲ್ಲ. ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡು ಕೆಳಗಿಳಿದೆ.

ಕಾಜಕ್ಕ ತಲೆ ತಗ್ಗಿಸಿ ಕಾಜಾ ಹಾಕುತ್ತಿದ್ದಳು. ಮಾಸ್ಟರು ಕೆಟಲ್ಲಿಗೆ ನೀರು ತುಂಬುತ್ತಿದ್ದರು.

“ಕಾಜಕ್ಕನ್ನ ಸ್ವಲ್ಪ ಮೇಲೆ ಕಳಿಸ್ತೀರಾ?” ಅಂದೆ.

“ಗುಂಡಿ ಕಿತ್ತು ಬಂತಾ?” ಮಾಸ್ಟರ ಕಣ್ಣು ಕೆಂಪಾಯಿತು.

“ಇಲ್ಲ… ಬೇರೆ… ಪರದೆ…”

“ಪರದೆಗೆ ಗುಂಡಿ ಎಲ್ಲಿಂದ ಬಂತು?”

ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡೆ. ಟವೆಲ್ಲಿನೊಳಗೆ ಗಲಗಲ ಸದ್ದಾಯಿತು. ಮಾಸ್ಟರು ಟವೆಲ್ಲನ್ನು ನೋಡಿದರು, ನನ್ನನ್ನು ನೋಡಿದರು, ಕಾಜಕ್ಕನನ್ನು ನೋಡಿದರು. ಕಾಜಕ್ಕ ದಾರ ಕಚ್ಚಿ ತುಂಡು ಮಾಡಿದಳು. ಸೂಜಿಯನ್ನು ಮೆತ್ತೆಗೆ ಚುಚ್ಚಿಟ್ಟಳು. ತುಟಿಯಲ್ಲಿದ್ದ ಗುಂಡಿಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡು ಎದ್ದು ನಿಂತಳು.

“ಮಾಸ್ಟ್ರೇ, ಗುಂಡಿ ಕಿತ್ತು ಬರ್ತಿರ್ಲಿಲ್ಲ.”

ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಕಾಯಿಲೆಯ ಹೆಸರನ್ನೂ ಹೇಳಿದಳು. ಹಲ್ಲುನೋವಿನ ಸುಳ್ಳು, ಆಸ್ಪತ್ರೆ, ಕೆಟಲ್, ಹದಿನೆಂಟು ದಿನದ ನಂತರದ ಪರೀಕ್ಷೆ. “ಕೆಲಸದಿಂದ ತೆಗೀತೀರಾದ್ರೆ ಈಗ್ಲೇ ಹೇಳ್ಬಿಡಿ. ಕೈಯಲ್ಲಿರೋ ಕೋಟು ಮುಗಿಸಿ ಹೋಗ್ತೀನಿ.”

ಕೆಟಲ್ ಕುದಿದು ಟಕ್ ಎಂದು ತಾನೇ ನಿಂತಿತು. ಮಾಸ್ಟರು ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಿದ್ದರು.

“ಎಷ್ಟು ದಿನದಿಂದ?” ಕೊನೆಗೆ ಕೇಳಿದರು.

“ಎಂಟು ವರ್ಷ.”

“ಅದಲ್ಲ. ಗುಂಡಿ ಎಷ್ಟು ದಿನದಿಂದ ಕಿತ್ತು ಬರ್ತಿರ್ಲಿಲ್ಲ?”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. “ಮೊದಲಿಂದ್ಲೂ” ಅಂದೆ ನಾನು. “ನಾನೇ ಕತ್ತರಿಸ್ತಿದ್ದೆ.”

“ಕತ್ತರಿಸ್ತಿದ್ರಾ!” ಮಾಸ್ಟರು ಕುರ್ಚಿಗೆ ಕುಸಿದರು. “ದಾರದ ಅಂಗಡಿಯವನ ಜೊತೆ ಬೀದೀಲಿ ನಿಂತು ಜಗಳ ಆಡಿದೀನಿ ಕಣ್ರೀ! ಎರಡು ಡಜನ್ ರೀಲು ಅವನ ಮುಖದ ಮೇಲೆ ಎಸೆದು ಬಂದೆ. ಇಪ್ಪತ್ತು ವರ್ಷದ ಸ್ನೇಹಿತ ಅವನು. ಕಾಜಕ್ಕನ ಕೈ ಸೋತಿತೇನೋ, ಕಣ್ಣು ಮಂಜಾಯ್ತೇನೋ ಅಂತ ನಾನು ರಾತ್ರಿ ನಿದ್ದೆಗೆಟ್ಟಿದೀನಿ. ಒಂದು ಮಾತ್ರೆ ನುಂಗೋಕೆ ನನ್ನ ದಾರದ ಮೇಲೆ ಅಪವಾದ ಹೊರಿಸಿದ್ರಲ್ಲ ನೀವಿಬ್ರೂ!”

ಪುಟ್ಟಿಗೆ ಏನನ್ನಿಸಿತೋ, ಬೆನ್ನು ತಿರುಗಿಸಿ “ಗುಂದಿ” ಅಂದಳು. ಯಾರಿಗೂ ನಗು ತಡೆಯಲಾಗಲಿಲ್ಲ, ಮಾಸ್ಟರನ್ನು ಬಿಟ್ಟು. ಅವರು ಎದ್ದು ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ಕಾಜಕ್ಕನ ಸ್ಟೂಲಿನ ಪಕ್ಕ ಇಟ್ಟರು. ಕೈಗೆ ಕೊಡಲಿಲ್ಲ, ಇಟ್ಟರು. ನಾನು ಅದನ್ನು ಗಮನಿಸಿದೆ. ಅವಳೂ ಗಮನಿಸಿದಳು.

“ನುಂಗು. ಟೈಮಾಯ್ತು” ಅಂದರು. ಆಮೇಲೆ ಮೆಲ್ಲಗೆ, “ನಂಗೆ ಭಯ ಇದೆ ಕಣೇ, ಸುಳ್ಳು ಹೇಳಲ್ಲ. ನಾನು ಓದಿದವನಲ್ಲ. ಎರಡು ದಿನ ಕೊಡು.”

ಮಾರನೆಯ ದಿನ ಮಾಸ್ಟರ ಸೂಜಿ ಮೆತ್ತೆ ಕಾಜಕ್ಕನ ಸ್ಟೂಲಿನ ಪಕ್ಕದಿಂದ ಅವರ ಯಂತ್ರದ ಮೇಲಕ್ಕೆ ಹೋಗಿತ್ತು. ಅವರ ಲೋಟವೂ. ಅವತ್ತು ಕಾಜಕ್ಕ ತಾನು ಹಾಕಿದ ಕಾಜಾಗಳನ್ನು ಎರಡು ಸಲ ಬಿಚ್ಚಿ ಹಾಕಬೇಕಾಯಿತು. ನಾನು ಮಾಸ್ಟರನ್ನು ನಮ್ಮ ವೈದ್ಯರ ಬಳಿ ಕರೆದುಕೊಂಡು ಹೋದೆ. ಅಲ್ಲಿ ಅವರು ನನಗಿಂತ ಹೆಚ್ಚು ಪ್ರಶ್ನೆ ಕೇಳಿದರು. ನನಗಿಂತಲೂ! ಸೂಜಿ, ಲೋಟ, ಕತ್ತರಿ, ಬೆವರು, ಚಹಾ. ವೈದ್ಯರು ಒಂದೊಂದಕ್ಕೂ ಉತ್ತರ ಕೊಟ್ಟರು. ಬರುವ ದಾರಿಯಲ್ಲಿ ಮಾಸ್ಟರು ದಾರದ ಅಂಗಡಿಗೆ ಹೋಗಿ, ತಪ್ಪು ನಂದು ಎಂದು ಹೇಳಿ ಎರಡು ಡಜನ್ ರೀಲು ವಾಪಸ್ ತಂದರು. ತಪ್ಪು ಏನೆಂದು ಮಾತ್ರ ಬಾಯಿ ಬಿಡಲಿಲ್ಲ.

ಎರಡು ದಿನ ಎಂದಿದ್ದು ಆರು ದಿನವಾಯಿತು. ಏಳನೆಯ ದಿನ ಅವಸರದ ಕೋಟೊಂದನ್ನು ಮುಗಿಸುವಾಗ ಅವರ ಕೈಸೂಜಿ ಮುರಿಯಿತು. ಯೋಚನೆ ಮಾಡದೆ ಕೈ ಚಾಚಿ ಕಾಜಕ್ಕನ ಮೆತ್ತೆಯಿಂದ ಒಂದು ಕಿತ್ತುಕೊಂಡರು. ಹೊಲಿದು ಮುಗಿಸಿದ ಮೇಲೆಯೇ ಅವರಿಗೆ ತಿಳಿದದ್ದು. ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿ, “ಎಷ್ಟು ಒಳ್ಳೆ ಸೂಜಿ ಇಟ್ಕೊಂಡಿದೀಯ, ನಂಗೆ ಮೊಂಡಾಗಿರೋದು ಕೊಡ್ತೀಯ” ಎಂದು ಬೈದರು. ಆ ಬೈಗುಳವನ್ನು ಕಾಜಕ್ಕ ಮೇಲೆ ಬಂದು ನನಗೆ ಮೂರು ಸಲ ಹೇಳಿದಳು.

ಆ ವಾರ ಇನ್ನೊಂದಾಯಿತು. ಆರಕ್ಕೆ ಐದು ನಿಮಿಷವಿರುವಾಗ ಮಾಸ್ಟರು ಚಪ್ಪಲಿ ಮೆಟ್ಟಿಕೊಂಡು, “ಕೆಟಲ್ ಚಹಾಕ್ಕೆ ರುಚಿ ಇಲ್ಲ, ನಾನು ಹೊರಗೆ ಕುಡಿದು ಬರ್ತೀನಿ” ಎಂದು ಎದ್ದರು. ಅವಳಿಗೆ ಅರ್ಧ ಗಂಟೆ ಬಿಟ್ಟುಕೊಡಲು ಅವರು ಮಾಡಿದ ಹುನ್ನಾರ ಅದು. ಕಾಜಕ್ಕ ಅವರ ಚಹಾ ಲೋಟವನ್ನು ಅವರ ಮುಂದಿಟ್ಟಳು.

“ಕೂತ್ಕೊಳ್ಳಿ ಮಾಸ್ಟ್ರೇ. ನೀವಿದ್ರೂ ನುಂಗ್ತೀನಿ.”

ಬಾಟಲಿ ಈಗ ಗುಂಡಿ ಡಬ್ಬಿಯ ಪಕ್ಕದಲ್ಲೇ, ಪುಟ್ಟಿಗೆ ಎಟುಕದ ಎತ್ತರದಲ್ಲಿ ನಿಂತಿದೆ. ಗಿರಾಕಿಗಳು ಕೇಳಿದರೆ ಮಾಸ್ಟರು, “ಅವಳ ಹಲ್ಲಿಂದು” ಎನ್ನುತ್ತಾರೆ. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎನ್ನುವುದು ಕಾಜಕ್ಕನ ಮಾತು. ನಾವು ಯಾರೂ ಅದರಲ್ಲಿ ಕೈ ಹಾಕುವುದಿಲ್ಲ. ನಾನು ಬರೆಯಲೇ ಎಂದು ಕೇಳಿದ್ದಕ್ಕೆ, “ಬರಿ. ನನ್ನ ಕಾಜಾ ಎಳೆ ಬಿಡಲ್ಲ ಅನ್ನೋದನ್ನೂ ಬರಿ” ಅಂದಳು. ಬರೆದಿದ್ದೇನೆ.

ಪರೀಕ್ಷೆಯ ದಿನ ನಾನೂ ಪುಟ್ಟಿಯನ್ನೆತ್ತಿಕೊಂಡು ಎರಡು ಬಸ್ಸು ಹತ್ತಿ ಅವಳ ಜೊತೆ ಹೋಗಿದ್ದೆ. ಫಲಿತಾಂಶ ಬರಲು ಎರಡು ವಾರ ಹಿಡಿಯಿತು. ಆ ಎರಡು ವಾರ ನಾನು ಉಗುರು ಕಚ್ಚಿದ್ದರ ಬಗ್ಗೆ ಬರೆಯುವುದಿಲ್ಲ. ಫಲಿತಾಂಶದ ದಿನ ಕಾಜಕ್ಕ ಒಬ್ಬಳೇ ಹೋಗಿ ಬಂದು, ಅಂಗಡಿ ಬಾಗಿಲಲ್ಲಿ ನಿಂತು, ಮಾಸ್ಟರಿಗೂ ನನಗೂ ಕೇಳುವಂತೆ ಹೇಳಿದಳು.

“ಕಾಣಿಸ್ತಾನೇ ಇಲ್ವಂತೆ. ಯಂತ್ರಕ್ಕೆ ಸಿಗದಷ್ಟು ಕಡಿಮೆಯಂತೆ. ಇದೇ ಮಾತ್ರೆ ಮುಂದುವರಿಸು ಅಂದ್ರು. ಇಷ್ಟು ವರ್ಷ ನಾನು ಬಚ್ಚಿಟ್ಕೊಂಡಿದ್ದಾಯ್ತು, ಈಗ ಅದು ಬಚ್ಚಿಟ್ಕೊಳ್ಳಲಿ.”

ಅತ್ತಿಗೆಯ ವಿಷಯ ಒಂದು ಉಳಿದಿದೆ. ಕಳೆದ ಭಾನುವಾರ ಆರಕ್ಕೆ ಅಣ್ಣ ಎಂದಿನಂತೆ ಕನ್ನಡಕ ಕಾಣುತ್ತಿಲ್ಲವೆಂದು ಕೂಗಿದನಂತೆ. ಅತ್ತಿಗೆ ಅಡುಗೆಮನೆಯಿಂದ ಏಳಲೇ ಇಲ್ಲ. “ಅವರ ಕನ್ನಡಕ ಅವರ ತಲೆ ಮೇಲೇ ಇದೆ. ವರ್ಷಗಳಿಂದ ಅಲ್ಲೇ ಇದೆ” ಎಂದು ಹೇಳಿ, ಒಂದು ಲೋಟ ತೊಳೆದು ನೀರು ತುಂಬಿ ಕಾಜಕ್ಕನ ಕೈಗೆ ಕೊಟ್ಟಳಂತೆ. ಮೇಜಿನ ಮೇಲಿಡಲಿಲ್ಲ, ಕೈಗೇ ಕೊಟ್ಟಳು.

“ಗೊತ್ತಾಗಿದೆ ಅಂತೀಯಾ ಕಾಜಕ್ಕ?” ಎಂದು ನಾನು ಕೇಳಿದೆ.

ಅವಳು ನಾಲ್ಕು ಗುಂಡಿಗಳನ್ನು ತುಟಿಗೆ ಸೇರಿಸಿಕೊಂಡು, ಸೂಜಿಗೆ ದಾರ ಪೋಣಿಸಿ, ಅವುಗಳ ಸಂದಿಯಿಂದಲೇ ಹೇಳಿದಳು. “ಕೇಳೋಕೆ ಧೈರ್ಯ ಬರ್ಲಿಲ್ಲ. ಬರೋ ಭಾನುವಾರ ಕೇಳ್ತೀನಿ. ನೀನು ಅಲ್ಲೀವರೆಗೂ ಯೋಚನೆ ಮಾಡ್ತಾ ಕೂರ್ಬೇಡ.”

ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇದೆ. ನಾನು ಯೋಚನೆ ಮಾಡುತ್ತಾ ಕೂತಿದ್ದೇನೆ. ಕೆಳಗಿನಿಂದ ಆರು ಗಂಟೆಯ ಕೆಟಲ್ಲಿನ ಟಕ್ ಸದ್ದು ಕೇಳಿತು. ಪುಟ್ಟಿ ಮೆಟ್ಟಿಲ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಾಳೆ.